ಕೊಳಲಿನ ಲೆಗಾಟೊ ವಾದ್ಯ: ಸ್ವರಗಳ ಬೆಸುಗೆಯಲ್ಲಿ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕರ್ನಾಟಕ ಸಂಗೀತದ ಎಂಟು ರಂಧ್ರಗಳ ಕೊಳಲನ್ನು ಕಾಂಟ್ಯಾಕ್ಟ್ ತಂತ್ರಾಂಶದಲ್ಲಿ (ಸ್ಯಾಂಪಲ್, ಅಂದರೆ ಧ್ವನಿಮುದ್ರಿತ ಸ್ವರಗಳನ್ನು ವಾದ್ಯದಂತೆ ನುಡಿಸುವ ತಂತ್ರಾಂಶ) ಲೆಗಾಟೊ, ಅಂದರೆ ಸ್ವರಗಳು ಕಡಿಯದೆ ಬೆಸೆದು ನುಡಿಯುವ ವಾದ್ಯವಾಗಿ ರೂಪಿಸುತ್ತಿದ್ದೇನೆ. ಒಂದೇ ಉಸಿರಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವ ಜೋಡಿಗಳನ್ನು ಆರೋಹಣ, ಅವರೋಹಣ ಎರಡರಲ್ಲೂ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಧ್ವನಿಮುದ್ರಿಸಿಕೊಂಡಿದ್ದೇನೆ.

ತೊಡಕು ಇರುವುದು ಒಂದು ಧ್ವನಿಯನ್ನು ಇಳಿಸುತ್ತ ಇನ್ನೊಂದನ್ನು ಏರಿಸಿ ಬೆಸೆಯುವ ಕ್ರಾಸ್‌ಫೇಡ್‌ನಲ್ಲಿ. ಮಧ್ಯಮದಿಂದ ಪಂಚಮಕ್ಕೆ ಏರಿದ ತುಣುಕು ಮುಗಿದು ದೀರ್ಘಸ್ವರದ ಸ್ಯಾಂಪಲ್ ಶುರುವಾಗುವ ಆ 60 ಮಿಲಿಸೆಕೆಂಡುಗಳಲ್ಲಿ, ವಾದಕರು ಉಸಿರು ನುಂಗಿದಂತೆ ನಾದ ಟೊಳ್ಳಾಗುತ್ತದೆ. ಕೊಳಲಿನ ನಾದದಲ್ಲಿ ಮೂಲ ಕಂಪನವೇ ಪ್ರಬಲವಾಗಿರುವುದರಿಂದ ಎರಡು ಅಲೆಗಳ ಫೇಸ್ (ಏರಿಳಿತದ ಹಂತ) ಹೊಂದದಿದ್ದರೆ ಅವು ಪರಸ್ಪರ ಅಳಿಸಿಹಾಕುತ್ತವೆ. 440 ಹರ್ಟ್ಸ್‌ನಲ್ಲಿ ಕೇವಲ 1.14 ಮಿಲಿಸೆಕೆಂಡು ಹಿಂದುಮುಂದಾದರೂ ಸಾಕು. ಅವಧಿಯನ್ನು 120ಕ್ಕೆ ಹಿಗ್ಗಿಸಿದರೆ ಕುಗ್ಗುವಿಕೆ ತುಸು ಮರೆಯಾಗುತ್ತದೆ, ಆದರೆ ದುರಿತಕಾಲದ (ವೇಗದ) ಸ್ವರಗಳು ಕಲಸಿಹೋಗುತ್ತವೆ.

ಪ್ರತಿ ದೀರ್ಘಸ್ವರದ ಆರಂಭಬಿಂದುವನ್ನು ತುಣುಕಿನ ಫೇಸ್‌ಗೆ ಹೊಂದುವಂತೆ ಕೈಯಾರೆ ಕತ್ತರಿಸಬೇಕೇ, ಅಥವಾ ಸ್ಕ್ರಿಪ್ಟ್‌ನಲ್ಲಿ ಆಫ್‌ಸೆಟ್ (ಶುರುವಿನ ಜಾಗವನ್ನು ಸರಿಸುವ ಅಂಕಿ) ಕೊಟ್ಟು ಸರಿಪಡಿಸಬಹುದೇ? ತುಣುಕಿನ ಬಾಲವನ್ನೇ ಉದ್ದವಾಗಿ ಉಳಿಸಿ ಅಲ್ಲೇ ಲೂಪ್ ಮಾಡುವುದು (ಮತ್ತೆ ಮತ್ತೆ ನುಡಿಸುವುದು) ನನಗೆ ಹೆಚ್ಚು ಸರಿಯೆನಿಸುತ್ತದೆ, ಮೆಮೊರಿ ಹೆಚ್ಚು ಬೇಡಿದರೂ. ಗಮಕಗಳ ಗೋಜಿಗೆ ಸದ್ಯ ಹೋಗಿಲ್ಲ. ಇಂಥ ವಾದ್ಯ ಕಟ್ಟಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ. ಎರಡು ಸ್ವರಗಳ ಮಾದರಿ ಕಡತವನ್ನು ಕಳುಹಿಸಿಕೊಡಲು ಸಿದ್ಧನಿದ್ದೇನೆ.