ಒದ್ದೆ ಬಟ್ಟೆಯಲ್ಲಿ ಗಾಡಿ ಹತ್ತಬೇಡ ಅಂತ ಹೇಳು ಅವನಿಗೆ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಮಗ ಗೆಳೆಯರ ಜೊತೆ ಬೈಕಲ್ಲಿ ಹೊರಟಿದ್ದಾನೆ, ಎಂಟು ಗಾಡಿ, ನಾಲ್ಕು ದಿನ, ಹೆಚ್ಚುಕಡಿಮೆ 1,500 ಕಿಲೋಮೀಟರ್. ಮೊದಲು ಬಿಸಿಲು, ಆಮೇಲೆ ಮಳೆ, ಕೊನೆಗೆ ಬೆಟ್ಟದ ಚಳಿ ಅಂತ ಫೋನಲ್ಲಿ ತೋರಿಸುತ್ತಿದೆ. ಕಳಿಸಲೋ ಬೇಡವೋ, ರೈನ್‌ಕೋಟ್ ಒಂದಿದ್ದರೆ ಸಾಕಾ ಅಂತ ಕೇಳಿದ್ದೀಯ. ಗುಂಪಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿ "ಏನೂ ಆಗಲ್ಲ, ಹೋಗಲಿ ಬಿಡು" ಅಂದುಬಿಟ್ಟಿದ್ದಾರೆ. ನನಗೆ ಹಾಗೆ ಹೇಳೋಕೆ ಬಾಯಿ ಬರಲಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

ದೊಡ್ಡಪ್ಪನ ಗಾಡಿ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ನಿನ್ನ ಮಗನಿಗೂ ಅಲ್ಲಿಂದಲೇ ಬಂದಿದೆ. ಅವರು ಆ ಸಲ ಬೆಟ್ಟದಲ್ಲಿ ಬಿದ್ದಿದ್ದೂ ಗೊತ್ತು. ಆದರೆ ಹೇಗೆ ಬಿದ್ದರು ಅನ್ನೋದು ಗೊತ್ತಿಲ್ಲ. ಹಿಂದಿನ ಸೀಟಲ್ಲಿ ಕೂತಿದ್ದವಳು ನಾನು.

ನಮ್ಮ ಮದುವೆಯಾಗಿ ಎರಡನೇ ವರ್ಷ. ಆರು ಗಾಡಿ ಹೊರಟಿದ್ವಿ. ಬೆಳಿಗ್ಗೆ ಸುಡುವ ಬಿಸಿಲು. ಹಾಗಾಗಿ ಮಳೆ ಬಟ್ಟೆ ಬ್ಯಾಗಿನ ತಳಕ್ಕೆ ಹೋಗಿತ್ತು. ಮಧ್ಯಾಹ್ನ ಮಳೆ ಹಿಡಿಯಿತು. ಮುಂದೆ ಹೋಗುತ್ತಿದ್ದವರು ನಿಲ್ಲಿಸಲಿಲ್ಲ, ಇನ್ನೇನು ನಿಲ್ಲುತ್ತೆ ಅಂತ ಓಡಿಸಿದರು. ಅವರು ನಿಲ್ಲಿಸಲಿಲ್ಲ ಅಂತ ನಾವೂ ನಿಲ್ಲಿಸಲಿಲ್ಲ. ಅರ್ಧ ಗಂಟೆ ನೆನೆದ ಮೇಲೆ ಮಳೆ ನಿಂತು ಬಿಸಿಲು ಬಂತು. "ಗಾಳಿಗೆ ಒಣಗುತ್ತೆ ಬಿಡು" ಅಂದರು ನಿಮ್ಮ ದೊಡ್ಡಪ್ಪ. ನಾನೂ ಹೂಂ ಅಂದೆ.

ಒಣಗಲಿಲ್ಲ. ಆಮೇಲೆ ಏರು ಶುರುವಾಯಿತು. 1,000 ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ಚಳಿ ಏರುತ್ತೆ, ಮೋಡ ಬಂದರೆ ಇನ್ನೂ ಬೇರೆ. ಅದರ ಮೇಲೆ ಗಾಡಿಯ ಗಾಳಿ. ಹೊರಗೆ 10 ಡಿಗ್ರಿ ಇದ್ದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚರ್ಮಕ್ಕೆ ಅದು 4 ಡಿಗ್ರಿ ಇದ್ದ ಹಾಗೆ. ಇದು ಒಣಗಿದ ಮೈಯ ಲೆಕ್ಕ. ಅವರ ಮೈಮೇಲೆ ಇದ್ದದ್ದು ಒದ್ದೆ ಹತ್ತಿ ಬನಿಯನ್, ಒದ್ದೆ ಜೀನ್ಸ್. ಒದ್ದೆ ಬಟ್ಟೆ ಒಣಗಬೇಕಾದರೆ ಬಿಸಿ ಬೇಕು, ಆ ಬಿಸಿಯನ್ನು ಅದು ಮೈಯಿಂದಲೇ ಎಳೆದುಕೊಳ್ಳುತ್ತೆ. ನನಗೆ ಅವರ ಬೆನ್ನಿನ ಮರೆ ಇತ್ತು. ಅವರಿಗೆ ಯಾವ ಮರೆಯೂ ಇರಲಿಲ್ಲ.

ನನ್ನ ಎರಡು ಕೈಯೂ ಅವರ ಸೊಂಟ ಸುತ್ತಿಕೊಂಡಿದ್ದವು. ಅವರು ಗಡಗಡ ನಡುಗುತ್ತಿದ್ದದ್ದು ನನ್ನ ಎದೆಗೆ ಗೊತ್ತಾಗುತ್ತಿತ್ತು. ಒಂದಷ್ಟು ದೂರ ಹಾಗೇ ಹೋದ ಮೇಲೆ ನಡುಕ ನಿಂತಿತು. ಸದ್ಯ, ಮೈ ಬಿಸಿಯಾಯಿತು ಅಂದುಕೊಂಡು ನಾನು ಕಣ್ಣು ಮುಚ್ಚಿದೆ ಪುಟ್ಟಿ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಮೈ ನಡುಗೋದು ಬಿಸಿ ಮಾಡಿಕೊಳ್ಳೋಕೆ. ಬೆಚ್ಚಗಾಗದೆ ನಡುಕ ನಿಂತರೆ ಮೈಗೆ ಇನ್ನು ಆಗುತ್ತಿಲ್ಲ ಅಂತ ಅರ್ಥ. ಮೈಯೊಳಗೆ 37 ಡಿಗ್ರಿ ಇರಬೇಕು, 35ಕ್ಕಿಂತ ಕೆಳಗೆ ಇಳಿದರೆ ಅಪಾಯ ಅಂತ ಆಮೇಲೆ ಡಾಕ್ಟರು ಹೇಳಿದರು. ಆಗ ನನಗೆ ಅದೆಲ್ಲ ಎಲ್ಲಿ ಗೊತ್ತಿತ್ತು?

ಏರಲ್ಲಿ ಎಂಜಿನ್ ಡಬಡಬ ಗುದ್ದುತ್ತಿತ್ತು, ಅವರು ಗೇರ್ ಇಳಿಸಲೇ ಇಲ್ಲ. ಗಾಡಿ ನಿಧಾನಕ್ಕೆ ರಸ್ತೆಯ ಆ ಕಡೆಗೆ ಜರುಗುತ್ತಿತ್ತು. ಭುಜ ತಟ್ಟಿ ಕೇಳಿದೆ. ಏನೋ ಅಂದರು, ನಾಲಿಗೆ ದಪ್ಪ ಆದವರ ಹಾಗೆ. ಮುಂದಿನ ತಿರುವಿನಲ್ಲಿ ಅವರು ತಿರುಗಿಸಲಿಲ್ಲ. ನೇರ ಪಕ್ಕದ ಜಲ್ಲಿಗೆ ಇಳಿದು, ನಿಂತು, ಕಾಲೂ ಕೊಡದೆ ಇಬ್ಬರೂ ವಾಲಿಕೊಂಡು ಬಿದ್ದೆವು. ಇನ್ನೊಂದು ಕಡೆಗೆ ಇಳಿದಿದ್ದರೆ ಕೆಳಗೆ ಏನೂ ಇರಲಿಲ್ಲ.

ಎದ್ದು ಕೂತು ಹೆಲ್ಮೆಟ್ ಬಿಚ್ಚೋಕೆ ಹೋದರು. ಬೆರಳು ಗದ್ದದ ಕೆಳಗೆ ಪಟ್ಟಿಯ ಬಕಲ್ ಹುಡುಕುತ್ತಲೇ ಇದ್ದವು. ಮುಟ್ಟುತ್ತಿದ್ದರು, ಆದರೆ ಮುಟ್ಟಿದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಉಗುರೆಲ್ಲ ಬೆಳ್ಳಗೆ. ಕೊನೆಗೆ ನಾನೇ ಬಿಚ್ಚಿದೆ. ಆಗ ಅವರು ಹೇಳಿದ್ದು, "ನನಗೆ ಚಳಿ ಇಲ್ಲ ಕಣೇ." ಅದನ್ನು ಕೇಳಿ ನನಗೆ ಬಿದ್ದಿದ್ದಕ್ಕಿಂತ ಜಾಸ್ತಿ ಭಯ ಆಯಿತು.

ಅದಕ್ಕೇ ಹೇಳುತ್ತಿರೋದು, ಒದ್ದೆ ಬಟ್ಟೆಯಲ್ಲಿ ಗಾಡಿ ಹತ್ತಬೇಡ ಅಂತ ಹೇಳು. ಬಿಸಿಲು ಬಂತು, ಒಣಗುತ್ತೆ ಅಂತ ಯಾರೇ ಹೇಳಲಿ, ಕೇಳಬಾರದು.

ಒಬ್ಬ ಲಾರಿ ಡ್ರೈವರು ನಿಲ್ಲಿಸಿದರು. ಕ್ಯಾಬಿನ್‌ಗೆ ಹತ್ತಿಸಿ, ಒದ್ದೆ ಬಟ್ಟೆ ಪೂರ್ತಿ ತೆಗೆಸಿ, ತಮ್ಮ ಕಂಬಳಿ ಹೊದಿಸಿದರು. ನಾನು ಗಾಬರಿಯಲ್ಲಿ ಅವರ ಕೈಕಾಲು ತಿಕ್ಕೋಕೆ ಹೋದೆ. ಆ ಪುಣ್ಯಾತ್ಮ ತಡೆದು, ಸುಮ್ನೆ ತಬ್ಬಿಕೊಂಡು ಕೂತಿರಮ್ಮ ಅಂದರು. ಅದೇ ಸರಿ ಅಂದರು ಡಾಕ್ಟರು. ಮೊದಲು ಎದೆ, ಹೊಟ್ಟೆ ಬೆಚ್ಚಗಾಗಬೇಕಂತೆ, ಕೈಕಾಲು ತಿಕ್ಕಬಾರದಂತೆ. ಹೆಂಡ ಅಂತೂ ಕೊಡಲೇಬಾರದು. ಪೂರ್ತಿ ಎಚ್ಚರ ಇದ್ದು ನುಂಗೋಕೆ ಆದರೆ ಬಿಸಿಯಾಗಿ ಸಿಹಿ ಏನಾದರೂ ಕುಡಿಸಬಹುದು. ಕಾಲು ಗಂಟೆ ಕಳೆದ ಮೇಲೆ ಮತ್ತೆ ನಡುಗೋಕೆ ಶುರು ಮಾಡಿದರು. ನಡುಕ ನೋಡಿ ನಾನು ಅತ್ತುಬಿಟ್ಟೆ.

ಇನ್ನು ಉಳಿದ ಐದು ಗಾಡಿಯವರು ಎಲ್ಲಿದ್ದರು? ಮುಂದೆ ಹೋಗಿ ತಂಗುವ ಜಾಗ ಸೇರಿ ಬಟ್ಟೆ ಬದಲಿಸಿ ಬೆಚ್ಚಗೆ ಕೂತಿದ್ದರು. ಒಬ್ಬರೂ ಗಾಡಿ ಎಣಿಸಲಿಲ್ಲ. ಒಂದೂವರೆ ಗಂಟೆ ಆದ ಮೇಲೆ ಒಬ್ಬರು ಹುಡುಕಿಕೊಂಡು ಬಂದರು. "ಹಿಂದೇನೇ ಬರುತ್ತಿದ್ದೀರಿ ಅಂದುಕೊಂಡಿದ್ವಿ" ಅಂದರು. ಹೋಗಲಿ, ಅದನ್ನಾದರೂ ಕ್ಷಮಿಸಬಹುದು. ಆದರೆ ಅವತ್ತಿಂದ ನಾಲ್ಕು ಜನ ಸೇರಿದ ಕಡೆ ಏನು ಹೇಳಿಕೊಂಡು ಬಂದರು ಗೊತ್ತಾ? ಹಿಂದೆ ಹೆಂಡತಿ ಕೂತಿದ್ದಳಲ್ಲ, ಆ ಭಾರಕ್ಕೆ ಗಾಡಿ ಹಿಡಿತ ತಪ್ಪಿತು ಅಂತ. ನನ್ನೆದುರಿಗೇ ಹೇಳಿದ್ದಾರೆ. ನಾನು ಬಾಯಿ ಮುಚ್ಚಿಕೊಂಡು ಲೋಟ ಎತ್ತಿಕೊಂಡು ಒಳಗೆ ಹೋಗಿದ್ದೇನೆ. ನಿಮ್ಮ ದೊಡ್ಡಪ್ಪನೂ ಒಂದು ಮಾತು ಆಡಲಿಲ್ಲ, ಹಳೇ ಸ್ನೇಹ ಅಂತ. ಇಷ್ಟು ವರ್ಷ ಆಯಿತು, ಇವತ್ತು ಈ ಗುಂಪಲ್ಲಿ ಹೇಳುತ್ತಿದ್ದೇನೆ. ನನ್ನ ಭಾರಕ್ಕೆ ಬೀಳಲಿಲ್ಲ ಆ ಗಾಡಿ. ನಾನು ಹಿಂದೆ ಇದ್ದೆ ಅಂತಲೇ ಅವರು ಇವತ್ತು ಆಚೆ ರೂಮಲ್ಲಿ ಮಲಗಿದ್ದಾರೆ.

ಅಯ್ಯೋ, ನೀನು ಕೇಳಿದ್ದು ರೈನ್‌ಕೋಟ್ ವಿಷಯ ಅಲ್ವಾ. ಕಳಿಸು ಪುಟ್ಟಿ, ಬೇಡ ಅನ್ನಬೇಡ. ಆದರೆ ರೈನ್‌ಕೋಟ್ ಒಂದೇ ಸಾಲದು. ಪ್ಯಾಂಟ್ ಸಮೇತ ಇರಲಿ, ಬ್ಯಾಗಿನ ಎಲ್ಲಕ್ಕಿಂತ ಮೇಲೆ ಇರಲಿ. ಮುಂದೆ ಮೋಡ ಕಪ್ಪಾಗಿದ್ದು ಕಂಡ ಕೂಡಲೇ ನಿಲ್ಲಿಸಿ ಹಾಕಿಕೊಳ್ಳಬೇಕು, ಹನಿ ಬೀಳೋವರೆಗೆ ಕಾಯಬಾರದು. ಒಂದು ಜೊತೆ ಒಣ ಬಟ್ಟೆ, ಕಾಲುಚೀಲ ಸೇರಿಸಿ, ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿಕೊಡು. ಒಳಗೆ ಹಾಕೋದು ಹತ್ತಿ ಬೇಡ, ಉಣ್ಣೆಯದೋ ಬೇಗ ಒಣಗೋ ಬಟ್ಟೆಯದೋ ಇರಲಿ. ನೆನೆದರೆ ಅಲ್ಲೇ ನಿಂತು ಬದಲಿಸಲಿ. ಯಾರಾದರೂ ನಗಲಿ, ಹೊತ್ತಾಗುತ್ತೆ ಅನ್ನಲಿ, ಒದ್ದೆ ಬಟ್ಟೆಯಲ್ಲಿ ಮಾತ್ರ ಗಾಡಿ ಹತ್ತಬೇಡ ಅನ್ನು.

ಮಳೆ ಶುರುವಾದ ಮೊದಲ ಕೆಲವು ನಿಮಿಷ ರಸ್ತೆ ತುಂಬಾ ಜಾರುತ್ತೆ, ಧೂಳು, ಎಣ್ಣೆ ಎಲ್ಲ ನೀರಿನ ಮೇಲೆ ತೇಲುತ್ತೆ. ಬಿಳಿ ಪಟ್ಟೆ ಮೇಲೆ ಬ್ರೇಕ್ ಹಿಡಿಯಬಾರದು. ಒಣ ರಸ್ತೆಯಲ್ಲಿ ಮುಂದಿನ ಗಾಡಿಗೆ ಎರಡು ಸೆಕೆಂಡ್ ಅಂತರ ಬಿಟ್ಟರೆ ಮಳೆಯಲ್ಲಿ ನಾಲ್ಕು ಬಿಡಬೇಕು. 60ರ ವೇಗಕ್ಕೆ ಅದು ಸುಮಾರು 67 ಮೀಟರ್. ಅವನಿಗೆ ಇದೆಲ್ಲ ಗೊತ್ತಿರುತ್ತೆ, ಆದರೂ ಹೇಳು.

ಆಮೇಲೆ ಗುಂಪಿನ ಮಾತು. ಹೊರಡೋ ಮುಂಚೆಯೇ ಕೊನೆಯ ಗಾಡಿ ಯಾರದು ಅಂತ ಗೊತ್ತುಮಾಡಿಕೊಳ್ಳಲಿ. ಚೆನ್ನಾಗಿ ಓಡಿಸುವವನೇ ಕೊನೆಗಿರಲಿ. ಪ್ರತಿಯೊಬ್ಬನೂ ಕನ್ನಡಿಯಲ್ಲಿ ತನ್ನ ಹಿಂದಿನವನನ್ನು ನೋಡುತ್ತಿರಲಿ, ಕಾಣದಿದ್ದರೆ ನಿಧಾನ ಮಾಡಲಿ. ಆಗ ಮುಂದಿನವನವರೆಗೂ ಸುದ್ದಿ ಹೋಗುತ್ತೆ. ನಿಂತಾಗೆಲ್ಲ ಎಂಟು ಗಾಡಿ ಎಣಿಸಬೇಕು. ಯಾರಾದರೂ ತೊದಲಿದರೆ, ಕೈಯಿಂದ ಕೀ ಜಾರಿಸಿದರೆ, ಅವತ್ತಿಗೆ ಅಲ್ಲಿಗೇ ನಿಲ್ಲಿಸಬೇಕು.

ಕೈ ಗ್ಲೌಸ್ ಎರಡು ಜೊತೆ ಬೇಕು. ಒಂದು ನೆನೆದರೆ ಇನ್ನೊಂದು. ದೊಡ್ಡಪ್ಪನದು ಒಂದು ಒಳ್ಳೇದು ಬೀರುವಿನಲ್ಲಿದೆ, ನೀರು ಇಳಿಯಲ್ಲ. ಅವನ ಅಂಗೈ ಸುತ್ತಳತೆ ತೆಗೆದು ರಾತ್ರಿಯೊಳಗೆ ಕಳಿಸು, ಆಗುತ್ತಾ ನೋಡುತ್ತೇನೆ.