ಸಹಾಯ ಬೇಕು: ಬೆಳಗಾವಿ ಮಳೆಗೆ ಯಾವ ಬಟ್ಟೆ ತುಂಬಲಿ?

ನಾವು ವಿಜಯಪುರದವರು, ಬಿಸಿಲು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಜುಲೈನಲ್ಲಿ ಮಗಳನ್ನು ಬೆಳಗಾವಿ ಹಾಸ್ಟೆಲಿಗೆ ಬಿಡಬೇಕು. ಮೇನಲ್ಲಿ ಹಾಸ್ಟೆಲ್ ನೋಡಲು ಹೋದಾಗ ಮಧ್ಯಾಹ್ನ ಸೆಕೆ, ಸಂಜೆ ಒಮ್ಮೆಲೇ ಗಾಳಿ ಮಳೆ, ರಾತ್ರಿ ಹೊದಿಕೆ ಬೇಕೆನ್ನುವಷ್ಟು ತಂಪು. ಊರು ಸುಮಾರು 750 ಮೀಟರ್ ಎತ್ತರದಲ್ಲಿದೆ, ಪಶ್ಚಿಮ ಘಟ್ಟವೂ ಹತ್ತಿರ, ಹಾಗಾಗಿ ಮಳೆಗಾಲದಲ್ಲಿ ಜಿಟಿಜಿಟಿ ಜಾಸ್ತಿ ಅಲ್ವಾ. ಬ್ಯಾಗ್ ಎರಡು ಸಲ ತುಂಬಿ ಬಿಚ್ಚಿದೆ. ಸ್ವೆಟರ್ ಇಟ್ಟರೆ ಜಾಗ ಸಾಲುವುದಿಲ್ಲ, ಜೀನ್ಸ್ ಇಟ್ಟರೆ ಮೂರು ದಿನವಾದರೂ ಒಣಗುವುದಿಲ್ಲ ಅಂತ ಅಕ್ಕ ಬೈಯುತ್ತಾಳೆ, ಇದರ ನಡುವೆ ಅವ್ವ ಕೌದಿ ಒಯ್ಯಲೇಬೇಕು ಅಂತ ಹಟ ಹಿಡಿದಿದ್ದಾಳೆ (ಅದೊಂದೇ ಅರ್ಧ ಬ್ಯಾಗ್!). ಅಲ್ಲೇ ಇರುವವರು ಹೇಳಿ, ಸೆಪ್ಟೆಂಬರ್‌ವರೆಗೆ ದಪ್ಪ ಸ್ವೆಟರ್ ಬೇಕೇ ಬೇಕಾ, ಇಲ್ಲ ತೆಳು ಜಾಕೆಟ್, ರೇನ್‌ಕೋಟ್ ಸಾಕಾ?