ಚಿತ್ರ ಎಐ ಬಿಡಿಸಲಿ, ಕಾಗುಣಿತ ಯಾರು ನೋಡುವುದು? – ಡಿಟಿಪಿ ಅಕ್ಕನ ಹತ್ತಿರ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಳೆದ ವಾರ ಒಬ್ಬರು ಎಐನಲ್ಲಿ ಮಾಡಿದ ಮನೆ ಒಕ್ಕಲಿನ ಆಮಂತ್ರಣ ಕಾಗದವನ್ನು ಗುಂಪಿನಲ್ಲಿ ಹಾಕಿದ್ದರು. 'ಗೃಹಪ್ರವೇಶ' ಎಂಬಲ್ಲಿ ಎಂಥ ಅಕ್ಷರ ಉಂಟು ಅಂತ ಯಾರಿಗೂ ಓದಲು ಆಗಲಿಲ್ಲ. ನಕ್ಕು ಮುಗಿದ ಮೇಲೆ ಪ್ರಶ್ನೆಗಳ ಸುರಿಮಳೆ. ಹಾಗಾಗಿ ಈ ಭಾನುವಾರ ನಮ್ಮ ಗುಂಪಿನ ಅಕ್ಕ ಉತ್ತರ ಕೊಡುತ್ತಾರೆ. ಅವರು 1999ರಿಂದ ಉಡುಪಿಯಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ), ಪ್ರಿಂಟಿಂಗ್ ಅಂಗಡಿ ನಡೆಸುತ್ತಿದ್ದಾರೆ. ಅಂಗಡಿಯ ಹೆಸರು ಹಾಕುವುದು ಬೇಡ ಎಂದು ಅವರೇ ಹೇಳಿದ್ದಾರೆ. ಕೇಳಿ.

ಪ್ರಶ್ನೆ (ಕಾಪು): ಅಕ್ಕ, ಎಐ ಅಷ್ಟು ಚೆಂದದ ಮಂಟಪ, ತೋರಣ, ದೀಪ ಎಲ್ಲ ಬಿಡಿಸುತ್ತದೆ. ಕನ್ನಡ ಬರೆಯುವಾಗ ಮಾತ್ರ ಯಾಕೆ ಎಡವುತ್ತದೆ? 'ಸತ್ಯನಾರಾಯಣ ಪೂಜೆ' ಅಂತ ಕೊಟ್ಟರೆ 'ತ್ಯ' ಇರಬೇಕಾದಲ್ಲಿ ಹಾವಿನ ಬಾಲದ ಹಾಗೆ ಏನೋ ಬರುತ್ತದೆ.

ಉತ್ತರ: ಅದು ಬರೆಯುವುದಲ್ಲ ಮಾರಾಯ್ರೆ, ಬಿಡಿಸುವುದು. ನೀವು ಮೊಬೈಲಿನಲ್ಲಿ 'ತ್ಯ' ಟೈಪ್ ಮಾಡಿದಾಗ ಒಳಗೆ ಮೂರು ಸಂಗತಿ ಇರುತ್ತವೆ: ತ, ಹಲಂತದ ಗುರುತು, ಯ. ಅವನ್ನು ಸೇರಿಸಿ ಒತ್ತಕ್ಷರ ಮಾಡುವುದು ಫಾಂಟಿನ ಕೆಲಸ. ಚಿತ್ರ ಮಾಡುವ ಎಐಗೆ ಈ ಲೆಕ್ಕ ಬೇಡ. ಅದು ಸಾವಿರಾರು ಚಿತ್ರಗಳಲ್ಲಿ ಕಂಡ ಕನ್ನಡದ ಆಕಾರ ನೆನಪಿಟ್ಟುಕೊಂಡು, ಸುಮಾರಾಗಿ ಹಾಗೆ ಕಾಣುವ ಗೆರೆ ಎಳೆಯುತ್ತದೆ. ಇಂಗ್ಲಿಷಿನಲ್ಲಿ 26 ಅಕ್ಷರ, ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮಲ್ಲಿ ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿದರೆ ಎಷ್ಟು ಆಕಾರ ಆಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಅದು ನೋಡಿ ಕಲಿತ ಚಿತ್ರಗಳಲ್ಲಿ ಕನ್ನಡದವು ಕಡಿಮೆ ಬೇರೆ. ಈಗೀಗ ಎಷ್ಟೋ ಸುಧಾರಿಸಿದೆ, ಸುಳ್ಳು ಹೇಳಬಾರದು. ದೊಡ್ಡ ಅಕ್ಷರದ ಎರಡು ಪದ ಸರಿಯಾಗಿಯೇ ಬರುತ್ತವೆ. ಕೆಳಗೆ ಸಣ್ಣದಾಗಿ 'ಸುಖಾಗಮನ ಬಯಸುವ' ಎಂಬಲ್ಲಿಗೆ ಬರುವಾಗ ಅದಕ್ಕೆ ನಿದ್ದೆ ಬಂದಿರುತ್ತದೆ.

ದಾರಿ ಸುಲಭ. ಎಐಗೆ "ಅಕ್ಷರ ಬೇಡ, ನಡುವೆ ಖಾಲಿ ಜಾಗ ಬಿಡು" ಅಂತ ಹೇಳಿ ಹಿನ್ನೆಲೆ ಮಾತ್ರ ಮಾಡಿಸಿ. ಮೇಲೆ ಕನ್ನಡವನ್ನು ನೀವೇ ಟೈಪ್ ಮಾಡಿ. ಕ್ಯಾನ್ವಾದಂಥ ಆಪ್‌ಗಳಲ್ಲಿ ಕನ್ನಡ ಫಾಂಟ್ ಸಾಕಷ್ಟು ಉಂಟು.

ನಮ್ಮ ಮಂಗಳೂರಿನಲ್ಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರುವಾಯಿತಲ್ಲ, ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗರದ್ದು, ಅದು ಕಲ್ಲಚ್ಚಿನಲ್ಲಿ ಬಂದದ್ದು. ಅಂದರೆ ಅಚ್ಚುಮೊಳೆ ಜೋಡಿಸಿದ್ದಲ್ಲ, ಕೈಬರಹವೇ ಕಲ್ಲಿನ ಮೇಲಿಂದ ಅಚ್ಚಾದದ್ದು. ಅಲ್ಲಿಯೂ ಅಕ್ಷರ ಅಂದರೆ ಒಂದು ಚಿತ್ರವೇ. ಆದರೆ ಬರೆದವನಿಗೆ ಕನ್ನಡ ಬರುತ್ತಿತ್ತು.

ಪ್ರಶ್ನೆ (ಬ್ರಹ್ಮಾವರ, ಶಾಲಾ ಶಿಕ್ಷಕರು): ಇದಕ್ಕೇ ಸೇರಿದ್ದು. ನಾನು ವಾಟ್ಸಾಪಿನಲ್ಲಿ ಕಳಿಸಿದ ವಾರ್ಷಿಕೋತ್ಸವದ ಬರಹ ಸರಿಯಾಗಿಯೇ ಇತ್ತು. ಪ್ರೆಸ್ಸಿನಿಂದ ಬಂದ ಪ್ರೂಫಿನಲ್ಲಿ 'ಕಾರ್ಯಕ್ರಮ'ದ ಅರ್ಕಾವತ್ತು ಎಲ್ಲಿಗೋ ಹಾರಿತ್ತು. ಇದಕ್ಕೂ ಎಐ ಕಾರಣವೇ?

ಉತ್ತರ: ಇಲ್ಲ ಸರ್, ಇದು ಹಳೆಯ ಕಾಯಿಲೆ. ನಿಮ್ಮ ಫೋನ್ ಬರೆಯುವುದು ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತದಲ್ಲಿ. ನಮ್ಮಂಥ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟ್, ಪುಟ ಜೋಡಿಸುವ ಹಳೆಯ ಪೇಜ್‌ಮೇಕರ್ ಸಾಫ್ಟ್‌ವೇರ್ ಓಡುತ್ತಿರುತ್ತದೆ. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷಿನ ಕಲಸುಮೇಲೋಗರ ಕಾಣುವುದು ಅದಕ್ಕೇ. ಯೂನಿಕೋಡಿನಿಂದ ಹಳೆಯ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು ಜಾರುತ್ತದೆ. ಹಳೆಯದರಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು. ಪ್ರೂಫ್ ಬಂದಾಗ ಅರ್ಕಾವತ್ತು, 'ೃ' ಇರುವ ಪದ, ಮತ್ತೆ 'ಸ್ತ್ರ'ದಂಥ ಎರಡು ಒತ್ತಿನ ಪದ, ಈ ಮೂರನ್ನು ಬೆರಳಿಟ್ಟು ನೋಡಿ. ಹೆಚ್ಚಿನ ತಪ್ಪು ಅಲ್ಲೇ ಕೂತಿರುತ್ತದೆ.

ಅಂದಹಾಗೆ, ನಾವೆಲ್ಲ ಕುಟ್ಟುವ ಕನ್ನಡ ಕೀಲಿಮಣೆಯ ವಿನ್ಯಾಸ ಕೊಟ್ಟವರು ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್. ನಾನು ಕಲಿತದ್ದೂ ಅದರಲ್ಲೇ. ಈಗ ಕಣ್ಣು ಮುಚ್ಚಿ ಹೊಡೆಯುತ್ತೇನೆ, ತಪ್ಪಾದರೆ ಬೆರಳಿಗೇ ಗೊತ್ತಾಗುತ್ತದೆ.

ಪ್ರಶ್ನೆ (ಕಂಕನಾಡಿ): ಅಕ್ಕ, ನಮ್ಮ ಅಜ್ಜಿ ತೀರಿಕೊಂಡು ಒಂಬತ್ತು ದಿನ ಆಯಿತು. ಬೊಜ್ಜಕ್ಕೆ (ಉತ್ತರಕ್ರಿಯೆಗೆ) ದೊಡ್ಡ ಫೋಟೋ ಬೇಕು. ಅಜ್ಜಿ ಫೋಟೋಗೆ ನಿಲ್ಲುತ್ತಿದ್ದವರೇ ಅಲ್ಲ. ಇರುವುದು ಚಿಕ್ಕಪ್ಪನ ಮದುವೆಯ ಗ್ರೂಪ್ ಫೋಟೋ ಒಂದೇ. ಅದರಲ್ಲಿ ಮುಖ ಹೆಬ್ಬೆರಳಿನ ಉಗುರಿನಷ್ಟು. ತಮ್ಮ ಅದನ್ನು ಮೊಬೈಲಿನಲ್ಲಿ ತೆಗೆದು ಒಂದು ಆಪ್‌ಗೆ ಹಾಕಿದ. ಫಳಫಳ ಅಂತ ಬಂತು. ಅಮ್ಮನಿಗೆ ತೋರಿಸಿದರೆ, "ಚೆಂದ ಉಂಟು, ಇದು ಯಾರು?" ಅಂತ ಕೇಳಿದರು. ಮತ್ತೆ ಯಾರಿಗೂ ತೋರಿಸಲು ಮನಸ್ಸಾಗಲಿಲ್ಲ.

ಉತ್ತರ: ಅಮ್ಮ ಸರಿಯಾಗಿಯೇ ಹೇಳಿದರು. ಆ ಉಗುರಿನಷ್ಟು ಮುಖದಲ್ಲಿ ರೆಪ್ಪೆ, ಸುಕ್ಕು, ತುಟಿಯ ಅಂಚು ಯಾವುದೂ ದಾಖಲಾಗಿಯೇ ಇಲ್ಲ. ಇಲ್ಲದ್ದನ್ನು ಆಪ್ ಎಲ್ಲಿಂದ ತರಬೇಕು? ತಾನು ನೋಡಿದ ಬೇರೆ ಸಾವಿರಾರು ಮುಖಗಳಿಂದ ತಂದು ತುಂಬುತ್ತದೆ. ಕಣ್ಣು ಯಾರದ್ದೋ, ಗಲ್ಲ ಯಾರದ್ದೋ. ಹೋದ ವರ್ಷ ನನ್ನಲ್ಲಿಗೂ ಹೀಗೆ ಒಂದು ಬಂದಿತ್ತು. ಆ ಅಜ್ಜಿಗೆ ಮೂಗಿನ ಎರಡೂ ಕಡೆ ಮೂಗುಬೊಟ್ಟು. ಆಪ್ ಒಂದನ್ನು ಕೊಳೆ ಅಂತ ಒರೆಸಿಹಾಕಿತ್ತು. ಮಗಳು ಅಂಗಡಿಯಲ್ಲಿ ನಿಂತು ಆ ಜಾಗವನ್ನೇ ಬೆರಳಿನಿಂದ ಸವರುತ್ತಿದ್ದರು. ನಾನು ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತಿದ್ದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊಬೈಲಿನಲ್ಲಿ ತೆಗೆದ ಚಿತ್ರ ಬಿಡಿ, ಮೂಲ ಫೋಟೋ ಹುಡುಕಿ. ಅದನ್ನು ಸ್ಕ್ಯಾನರಿನಲ್ಲಿ 1200 ಡಿಪಿಐಗೆ (ಇಂಚಿಗೆ 1200 ಚುಕ್ಕಿ) ಇಟ್ಟು ಸ್ಕ್ಯಾನ್ ಮಾಡಿಸಿ. ಒಂದು ಸೆಂಟಿಮೀಟರ್ ಮುಖ ಇದ್ದರೂ 470 ಚುಕ್ಕಿ ಸಿಗುತ್ತದೆ, ಕೆಲಸ ಮಾಡಲು ಏನಾದರೂ ಇರುತ್ತದೆ. ಗೀರು, ಧೂಳು, ಹಳದಿ ಕಲೆ ತೆಗೆಯಲು ಎಐ ಬಳಸಿ, ಅದರಲ್ಲಿ ತೊಂದರೆ ಇಲ್ಲ. 'ಮುಖ ಸ್ಪಷ್ಟಗೊಳಿಸು' ಎಂಬ ಬಟನ್ ಮಾತ್ರ ಒತ್ತಬೇಡಿ. ಮತ್ತೆ, ಎರಡಡಿ ಫೋಟೋದ ಆಸೆ ಬಿಟ್ಟುಬಿಡಿ. ಪೋಸ್ಟ್ ಕಾರ್ಡಿನಷ್ಟು ಪ್ರಿಂಟ್ ತೆಗೆದು ಸುತ್ತ ಅಗಲವಾದ ಬಿಳಿ ಅಂಚು ಕೊಟ್ಟು ದೊಡ್ಡ ಫ್ರೇಮ್ ಹಾಕಿದರೆ ನೋಡಲು ತೂಕ ಇರುತ್ತದೆ. ಸ್ವಲ್ಪ ಮಸುಕಾಗಿದ್ದರೂ ಅಜ್ಜಿ ಅಜ್ಜಿಯೇ ಆಗಿರುತ್ತಾರೆ.

ಅವರೇ: ಥ್ಯಾಂಕ್ಸ್ ಅಕ್ಕ. ಮೂಲ ಫೋಟೋ ಸೋದರಮಾವನ ಮನೆಯಲ್ಲಿ ಸಿಕ್ಕಿತು. ಆದರೆ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ತಮ್ಮ ಬ್ಲೇಡ್ ಹಿಡಿದು ಕೂತಿದ್ದಾನೆ.

ಉತ್ತರ: ಬ್ಲೇಡ್ ಕಿತ್ತು ಒಳಗಿಡಿ! ನಮ್ಮ ಮಳೆಗಾಲದ ತೇವಕ್ಕೆ ಫೋಟೋದ ಮೇಲ್ಪದರ ಗಾಜಿಗೆ ಹಿಡಿದಿರುತ್ತದೆ. ಎಳೆದರೆ ಮುಖ ಗಾಜಿನಲ್ಲಿ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ಸ್ಕ್ಯಾನರಿನ ಮೇಲೆ ಕವುಚಿ. ಸ್ಕ್ಯಾನರಿನಲ್ಲಿ ಹಿಡಿಯದಿದ್ದರೆ ಒಳ್ಳೆಯ ಕ್ಯಾಮೆರಾದಲ್ಲಿ ತೆಗೆಸಿ. ಫ್ಲ್ಯಾಶ್ ಬೇಡ, ಬೆಳಕು ಪಕ್ಕದ ಕಿಟಕಿಯಿಂದ ಬರಲಿ. ತೆಗೆಯುವವರ ಹಿಂದೆ ಕಪ್ಪು ಬಟ್ಟೆ ಕಟ್ಟಿದರೆ ಗಾಜಿನಲ್ಲಿ ಪ್ರತಿಬಿಂಬ ಬೀಳುವುದಿಲ್ಲ. ನಾಳೆ ನನ್ನಲ್ಲಿಗೆ ತಂದರೂ ಆಯ್ತು, ಫ್ರೇಮಿನ ಆಣಿ ಮಾತ್ರ ತೆಗೆಯುವ.

ಪ್ರಶ್ನೆ (ಸಾಲಿಗ್ರಾಮ): ನಮ್ಮ ಮನೆಯಲ್ಲಿ ಹರಕೆ ಆಟ (ಯಕ್ಷಗಾನ) ಉಂಟು. ಮಗ ಎಐನಲ್ಲಿ ಬ್ಯಾನರ್ ಮಾಡಿದ. ನೋಡಿದವರೆಲ್ಲ "ಕೇರಳದಿಂದ ಮೇಳ ಬರ್ತಾ ಉಂಟಾ?" ಅಂತ ಕೇಳುತ್ತಿದ್ದಾರೆ.

ಉತ್ತರ: ಹಸಿರು ಮುಖ ಬಂದಿರಬೇಕು, ಅಲ್ವಾ? ಎಐಗೆ ಕಥಕ್ಕಳಿಯ ಚಿತ್ರ ಜಾಸ್ತಿ ಸಿಕ್ಕಿದೆ, ನಮ್ಮದು ಕಡಿಮೆ. ಯಕ್ಷಗಾನ ಅಂದರೂ ಅದನ್ನೇ ತಿರುಗಿಸಿ ಕೊಡುತ್ತದೆ. ಉತ್ತರದ ಯಕ್ಷಗಾನ ಶೈಲಿಯಾದ ಬಡಗಿನ ವೇಷದ ಕೇದಗೆ ಮುಂದಲೆ, ಚೌಕಳಿಯ ಕಸೆ ಸೀರೆ, ಎದೆಕಟ್ಟು ಅಂತ ಒಂದೊಂದಾಗಿ ಬಿಡಿಸಿ ಹೇಳಿದೆ ನಾನು. ಆಗ ದಕ್ಷಿಣದ ಶೈಲಿಯಾದ ತೆಂಕಿನ ಕಿರೀಟಕ್ಕೆ ಬಡಗಿನ ಸೀರೆ ಉಡಿಸಿ ಕಳಿಸಿತು. ನಿಮ್ಮ ಊರಿನಲ್ಲಿ ಅಂಥ ಬ್ಯಾನರ್ ಕಟ್ಟಿದರೆ ಆಟ ಮುಗಿದ ಮೇಲೂ ಅದೇ ಮಾತು. ಮೇಳದವರ ಹತ್ತಿರವೇ ಒಳ್ಳೆಯ ಫೋಟೋ ಕೇಳಿ, ತೆಗೆದವರ ಹೆಸರು ಮೂಲೆಯಲ್ಲಿ ಹಾಕಿ. ಬ್ಯಾನರನ್ನು ದೂರದಿಂದ ನೋಡುವುದರಿಂದ 100 ಡಿಪಿಐ ಇದ್ದರೂ ನಡೆಯುತ್ತದೆ. ಕೈಯಲ್ಲಿ ಹಿಡಿಯುವ ಕಾಗದಕ್ಕೆ 300 ಬೇಕು. ಫೋಟೋವನ್ನು ವಾಟ್ಸಾಪಿನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಅದು ಹಿಂಡಿ ಸಣ್ಣ ಮಾಡಿಬಿಡುತ್ತದೆ.

ಇನ್ನೊಂದು. ನೇಮ, ಕೋಲದ ಕಾಗದಕ್ಕೆ ದೈವದ ಚಿತ್ರವನ್ನು ನಾನು ಎಐನಲ್ಲಿ ಮಾಡಿಕೊಡುವುದಿಲ್ಲ. ಎಷ್ಟು ಕೊಟ್ಟರೂ ಇಲ್ಲ. ಯಾಕೆ ಅಂತ ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ.

ಪ್ರಶ್ನೆ (ಶಿರ್ವ): ನಾನು ಮನೆಯಿಂದಲೇ ಕೈಮಗ್ಗದ ಉಡುಪಿ ಸೀರೆ ಮಾರುತ್ತೇನೆ, ಇನ್‌ಸ್ಟಾಗ್ರಾಮಿನಲ್ಲಿ. ಎಐ ಮಾಡೆಲಿಗೆ ಸೀರೆ ಉಡಿಸಿದ ಫೋಟೋ ಹಾಕಿದ ಮೇಲೆ ವ್ಯಾಪಾರ ಏರಿತು. ಆದರೆ ಮೂರು ಸೀರೆ ವಾಪಸ್ ಬಂತು. ಬಣ್ಣ ಬೇರೆ, ಅಂಚು ಬೇರೆ ಅಂತ.

ಉತ್ತರ: ಬೇರೆಯೇ ಆಗಿರುತ್ತದೆ. ಆ ಮಾಡೆಲ್ ಉಟ್ಟದ್ದು ನಿಮ್ಮ ಸೀರೆ ಅಲ್ಲ, ನಿಮ್ಮ ಸೀರೆಯ ಹಾಗೆ ಕಾಣುವ ಚಿತ್ರ. ಸಣ್ಣ ಅಂಚಿನ ಎಳೆಗಳನ್ನು ಅದು ತನಗೆ ಬೇಕಾದ ಹಾಗೆ ನೇಯ್ದಿರುತ್ತದೆ. ಕೊಳ್ಳುವವರ ದೃಷ್ಟಿಯಿಂದ ಅದು ಮೋಸವೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ಮಾತು ಸ್ಪಷ್ಟವಾಗಿ ಉಂಟು. ಬೆಳಿಗ್ಗೆ ಹತ್ತರ ಹೊತ್ತಿಗೆ ಜಗಲಿಯಲ್ಲಿ ಬಿಸಿಲು ನೇರ ಬೀಳದ ಕಡೆ ಬಿಳಿ ಮುಂಡು ಹಾಸಿ, ಅದರ ಮೇಲೆ ಸೀರೆ ಮಡಚಿಟ್ಟು ತೆಗೆಯಿರಿ. ಬಿಳಿ ಮುಂಡು ಫೋಟೋದಲ್ಲಿ ಬಿಳಿಯಾಗಿಯೇ ಕಂಡರೆ ಸೀರೆಯ ಬಣ್ಣವೂ ಹೆಚ್ಚುಕಡಿಮೆ ಸರಿ ಇರುತ್ತದೆ. ಅಂಚನ್ನು ಹತ್ತಿರದಿಂದ ಇನ್ನೊಂದು ತೆಗೆಯಿರಿ. ಹಿನ್ನೆಲೆ ಅಳಿಸಲು, ವಿವರಣೆ ಬರೆಯಲು ಎಐ ಇರಲಿ. ಸೀರೆಯನ್ನು ಮುಟ್ಟಲು ಬಿಡಬೇಡಿ.

ಪ್ರಶ್ನೆ (ಸುರತ್ಕಲ್): ಮದುವೆ ಕಾಗದದಲ್ಲಿ ಮದುವೆ ಹಾಲ್‌ನ ಲೊಕೇಶನ್ ಕ್ಯೂಆರ್ ಹಾಕಬೇಕು. ಮೆರೂನ್ ಕಾರ್ಡಿನ ಮೇಲೆ ಬಂಗಾರದ ಬಣ್ಣದಲ್ಲಿ ಚೆಂದ ಅಲ್ವಾ?

ಉತ್ತರ: ಚೆಂದ, ಆದರೆ ಫೋನಿಗೆ ಕಾಣುವುದಿಲ್ಲ. ಬಿಳಿಯ ಮೇಲೆ ಕಪ್ಪು, ಎರಡು ಸೆಂಟಿಮೀಟರಿಗಿಂತ ಸಣ್ಣದು ಬೇಡ, ಸುತ್ತ ಬಿಳಿ ಜಾಗ ಬಿಡಿ. 1994ರಲ್ಲಿ ಜಪಾನಿನ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ ಅಂತ ಹುಟ್ಟಿದ್ದು ಅದು, ಶೃಂಗಾರಕ್ಕಲ್ಲ. ಪುಕ್ಕಟೆ ಕ್ಯೂಆರ್ ಕೊಡುವ ಕೆಲವು ಸೈಟುಗಳದ್ದು ಕೆಲವು ದಿನ ಕಳೆದ ಮೇಲೆ ಕೆಲಸ ಮಾಡುವುದಿಲ್ಲ, ನೋಡಿಕೊಂಡು ಮಾಡಿ. ಕಾರ್ಡ್ ಹೊಡೆಯುವ ಮೊದಲು ಪ್ರೂಫಿನ ಕಾಗದದ ಮೇಲಿನಿಂದಲೇ ಎರಡು ಬೇರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಸರಿಯಾದ ಹಾಲೇ ತೋರಿಸುತ್ತದಾ ನೋಡಿ.

ಪ್ರಶ್ನೆ (ಮಣಿಪಾಲ): ಮೇಡಂ, ನಾನು ಬಿಕಾಂ ಕೊನೆಯ ವರ್ಷ. ಡಿಸೈನ್ ಕಲಿಯುವ ಆಸೆ. ಮನೆಯಲ್ಲಿ "ಎಐ ಬಂತು, ಇನ್ನು ಯಾಕೆ?" ಅನ್ನುತ್ತಾರೆ.

ಉತ್ತರ: ಪೆಟ್ಟು ಬಿದ್ದದ್ದು ಹೌದು. ಹಿಂದೆ 500 ಮದುವೆ ಕಾಗದ ಹೊಡೆಸುತ್ತಿದ್ದ ಮನೆಯವರು ಈಗ 150ಕ್ಕೆ ನಿಲ್ಲಿಸುತ್ತಾರೆ, ಉಳಿದದ್ದು ವಾಟ್ಸಾಪ್. ಹುಟ್ಟುಹಬ್ಬದ ಪೋಸ್ಟರ್ ಕೆಲಸ ಪೂರ್ತಿ ಹೋಯಿತು, ಅದು ಹೋದದ್ದಕ್ಕೆ ನನಗೆ ಬೇಜಾರೂ ಇಲ್ಲ.

ನನಗೆ ಕೆಲಸ ಕಲಿಸಿದವರು ಅಚ್ಚುಮೊಳೆ ಜೋಡಿಸುತ್ತಿದ್ದ ಒಬ್ಬ ಹಿರಿಯರು. ತಲೆಕೆಳಗಾದ ಅಕ್ಷರವನ್ನು ಪೇಪರ್ ಓದಿದಷ್ಟು ವೇಗವಾಗಿ ಓದುತ್ತಿದ್ದರು. ಕಂಪ್ಯೂಟರ್ ಬಂದಾಗ ಅವರ ಕೈಕೆಲಸ ಹೋಯಿತು, ಕಣ್ಣು ಹೋಗಲಿಲ್ಲ. 52ನೇ ವಯಸ್ಸಿಗೆ ಪ್ರೂಫ್ ನೋಡಲು ಕೂತರು. ನಾವು ಮೂವರು ಟೈಪ್ ಮಾಡಿದ್ದು ಅವರ ಕೆಂಪು ಪೆನ್ನು ದಾಟದೆ ಮೆಷಿನಿಗೆ ಹೋಗುತ್ತಿರಲಿಲ್ಲ. ನೀವು ಸಾಫ್ಟ್‌ವೇರ್ ಕಲಿಯಿರಿ, ಎಐಯನ್ನೂ ಕಲಿಯಿರಿ, ಅದು ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಅದರ ಜೊತೆ ಯಾವುದಾದರೂ ಪ್ರೆಸ್ಸಿನಲ್ಲಿ ಎರಡು ತಿಂಗಳು ನಿಲ್ಲಿ. ಪರದೆಯಲ್ಲಿ ಹೊಳೆಯುವ ಗಿಳಿಹಸಿರು ಕಾಗದಕ್ಕೆ ಇಳಿಯುವಾಗ ಯಾಕೆ ಮಂಕಾಗುತ್ತದೆ, ಗಿರಾಕಿ 'ಸ್ವಲ್ಪ ಗ್ರ್ಯಾಂಡ್ ಆಗಿ' ಅಂದರೆ ಎಂಥ ಅರ್ಥ, ಇದೆಲ್ಲ ಕೋರ್ಸಿನಲ್ಲಿ ಸಿಗುವುದಿಲ್ಲ. ಬಿಕಾಂ ಮುಗಿಸಿಯೇ ಬನ್ನಿ. ಬಿಲ್ ಮಾಡಲು ಬಾರದ ಡಿಸೈನರ್‌ಗಳು ಈಗಾಗಲೇ ಬೇಕಾದಷ್ಟು ಇದ್ದೇವೆ.

ಪ್ರಶ್ನೆ (ಸುರತ್ಕಲ್, ಮತ್ತೆ): ಅಕ್ಕ, ಕಾಗದದ ಬರಹವನ್ನೂ ಎಐ ಹತ್ತಿರವೇ ಬರೆಸಿದ್ದೆ. ನಿಮಗೆ ಫೈಲ್ ಕಳಿಸಿದ್ದೇನೆ. ಒಮ್ಮೆ ನೋಡುತ್ತೀರಾ? ನಾಳೆ ಪ್ರಿಂಟಿಗೆ ಹೋಗಬೇಕು.

ಉತ್ತರ: ನೋಡಿದೆ. ಭಾಷೆ ಚೆನ್ನಾಗಿ ಉಂಟು, ಒತ್ತಕ್ಷರವೂ ಸರಿ. ಆದರೆ ತಾರೀಕು 16, ಭಾನುವಾರ ಅಂತ ಹಾಕಿದೆ. ಕ್ಯಾಲೆಂಡರಿನಲ್ಲಿ ಆ 16 ಸೋಮವಾರ. ಮುಹೂರ್ತ ಯಾವ ದಿನಕ್ಕೆ ಇಟ್ಟದ್ದು ಅಂತ ಈಗಲೇ ಭಟ್ಟರಿಗೆ ಫೋನ್ ಮಾಡಿ ಕೇಳಿ, ಆಯ್ತಾ? ಮತ್ತೆ ಮದುಮಗಳ ಅಜ್ಜನ ಹೆಸರಿನ ಮುಂದೆ 'ದಿವಂಗತ' ಅಂತ ಉಂಟು. ಮೊನ್ನೆ ಕಾರ್ಡಿನ ಸ್ಯಾಂಪಲ್ ನೋಡಲು ನಿಮ್ಮ ಜೊತೆ ಅಂಗಡಿಗೆ ಬಂದಿದ್ದವರು ಅವರೇ ಅಲ್ವಾ?